ಮಂಡಿಯೂರಿದವರಿಗೆ ನಾನು ಹೇಳದೆ ಉಳಿದ ಮಾತು

ಸಮುವೇಲಪ್ಪನವರ ಕಣ್ಣು ಹೋದದ್ದು ನನ್ನಿಂದ, ದೇವರಿಂದಲ್ಲ. ಅವರಲ್ಲಿ ಯಾವ ಗುಪ್ತ ಪಾಪವೂ ಇರಲಿಲ್ಲ. ಅವರು ಬದುಕಿದ್ದಾಗಲೇ ಸಭೆಯ ಮುಂದೆ ನಿಂತು ಹೇಳಬೇಕಾಗಿದ್ದ ಮಾತು ಇದು. ಹೇಳುತ್ತೇನೆಂದು ಅವರಿಗೆ ಮಾತನ್ನೂ ಕೊಟ್ಟಿದ್ದೆ. ಈಗ ಅವರಿಲ್ಲ. ನಮ್ಮ ಸಭೆಯ ಈ ಮಾಸಪತ್ರಿಕೆಯನ್ನು ಓದುವ ನೀವಿದ್ದೀರಿ — ನಿಮಗೆ ಹೇಳುತ್ತಿದ್ದೇನೆ.

ಈಚೆಗೆ ಸಭೆಗೆ ಸೇರಿದವರಿಗೆ ಅವರ ಗುರುತು ಇರಲಾರದು. ಚಾಮರಾಜಪೇಟೆಯಲ್ಲಿ, ನಮ್ಮ ದೇವಾಲಯದ ಎದುರು ಸಾಲಿನಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದ ದರ್ಜಿ ಅವರು. ದೊಡ್ಡ ಮೈ, ಅದಕ್ಕಿಂತ ದೊಡ್ಡ ಕಂಠ. ಆರಾಧನೆಯಲ್ಲಿ ಕೀರ್ತನೆ ಎತ್ತುವವರು ಅವರೇ. ಅವರು ಎತ್ತದೆ ನಾವು ಯಾರೂ ಬಾಯಿ ತೆರೆಯುತ್ತಿರಲಿಲ್ಲ. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಆದರೂ ಆಗ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ನಾನು ಬಿ.ಎ. ಓದಿದ್ದೆ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅವರು ನನ್ನ ಕೋಟು ಹೊಲಿಯುತ್ತಿದ್ದರು. ಅಷ್ಟೇ ಕಾರಣ — ಇದನ್ನು ಬರೆಯುವಾಗಲೂ ಬೇರೆ ಕಾರಣವೊಂದು ಸಿಕ್ಕೀತೇ ಎಂದು ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ನಮ್ಮ ಬೀದಿಗಳಿಗೆ ವಿದ್ಯುದ್ದೀಪ ಬರುವುದಕ್ಕೆ ಮುಂಚಿನ ಮಾತು. ಮಿಷನ್ನಿನ ಪಾದ್ರಿಗಳು ನಮ್ಮ ಉಪದೇಶಿ ಅಬ್ರಹಾಮಯ್ಯನವರಿಗೆ ಒಂದು ಮ್ಯಾಜಿಕ್ ಲಾಂಟರ್ನ್ ಕೊಟ್ಟಿದ್ದರು. ಗಾಜಿನ ಮೇಲೆ ಬಿಡಿಸಿದ ಚಿತ್ರವನ್ನು ದೀಪದ ಮುಂದಿಟ್ಟರೆ ಬಿಳಿಯ ಪರದೆಯ ಮೇಲೆ ಆಳೆತ್ತರ ಮೂಡುತ್ತಿತ್ತು. ಸ್ವಾಮಿಯ ಜನನದಿಂದ ಶಿಲುಬೆಯವರೆಗಿನ ಚಿತ್ರಗಳು. ಉಪದೇಶಿಗಳು ಕತೆ ಹೇಳುವರು, ಸಮುವೇಲಪ್ಪ ನಡುನಡುವೆ ಹಾಡುವರು, ದೀಪ ನಡೆಸುವವನು ನಾನು. ಆ ದೀಪವನ್ನು ಮುಟ್ಟಲು ಬೇರೆ ಯಾರಿಗೂ ಬಾರದು ಎಂಬುದೇ ನನಗೊಂದು ಪದವಿಯಾಗಿತ್ತು.

ದೀಪದ ವಿಷಯ ಸ್ವಲ್ಪ ಹೇಳಲೇಬೇಕು. ನನ್ನ ತಪ್ಪು ಅದರೊಳಗೇ ಇದೆ. ಉರಿಯೊಂದು ಸುಣ್ಣದ ತುಂಡನ್ನು ಕಾಯಿಸಿ ಬೆಳ್ಳಗೆ ಹೊಳೆಯಿಸುತ್ತಿತ್ತು. ಆ ಉರಿಗೆ ಆಮ್ಲಜನಕ ಬೇಕು. ಅದನ್ನು ನಾನು ಶಾಲೆಯಲ್ಲಿ ತಯಾರಿಸಿ ರಬ್ಬರು ಬಟ್ಟೆಯ ದೊಡ್ಡ ಚೀಲದಲ್ಲಿ ತುಂಬಿ ತರುತ್ತಿದ್ದೆ. ಚೀಲವನ್ನು ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿದರೆ ಗಾಳಿ ಒಂದೇ ಸಮನೆ ಕೊಳವೆಯಲ್ಲಿ ಹೊರಡುತ್ತದೆ. ದಾರಿಯಲ್ಲಿ ಈಥರ್ ತುಂಬಿದ ತಗಡಿನ ಡಬ್ಬಿಯನ್ನು ಹಾದು, ಅದರ ಆವಿಯನ್ನು ಹೊತ್ತುಕೊಂಡು ದೀಪಕ್ಕೆ ಬರುತ್ತದೆ. ಈಥರ್ ಎಂದರೆ ಕಿಡಿ ಸೋಕಿದರೆ ಸಾಕು, ಭಗ್ಗನೆ ಹತ್ತಿಕೊಳ್ಳುವ ದ್ರವ. ಚೀಲದ ಮೇಲೆ ಭಾರ ಇರುವವರೆಗೂ ಗಾಳಿ ಉರಿಯನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಭಾರ ತೆಗೆದರೆ ಉರಿ ಕೊಳವೆಯೊಳಗೆ ಹಿಂದಕ್ಕೆ ನುಗ್ಗಿ ಡಬ್ಬಿಯನ್ನು ಮುಟ್ಟುತ್ತದೆ. ಆದ್ದರಿಂದ ಮೊದಲು ಕೊಳವೆಯ ತಿರುಪು ಮುಚ್ಚಬೇಕು, ಆಮೇಲೆ ಭಾರ ಇಳಿಸಬೇಕು.

ಇದು ನನಗೆ ಗೊತ್ತಿತ್ತು. ಓದಿ ತಿಳಿದಿದ್ದೆ, ಶಾಲೆಯ ಹುಡುಗರಿಗೆ ಹೇಳಿಯೂ ಇದ್ದೆ. ಗೊತ್ತಿತ್ತು — ಆದರೆ ಅದರ ಭಯ ನನಗಿರಲಿಲ್ಲ.

ದೇವಾಲಯದ ಅಂಗಳದಲ್ಲಿ ಚಿತ್ರ ತೋರಿಸುವಾಗ ಹಲಗೆಯ ಮೇಲೆ ಕಲ್ಲು ಇಡುತ್ತಿದ್ದೆವು. ಆ ದಿನ ಬಸವನಗುಡಿಯ ಅಂಚಿನಲ್ಲಿ, ಹೊಸದಾಗಿ ಸಭೆಗೆ ಸೇರಿದ್ದ ಒಬ್ಬರ ಮನೆಯ ಹಿತ್ತಿಲಿನಲ್ಲಿ ಕೂಟ. ಪೆಟ್ಟಿಗೆ, ಪರದೆ, ಚೀಲ ಎಲ್ಲವನ್ನೂ ಜಟಕಾದಲ್ಲಿ ಹೇರಿದ ಮೇಲೆ ಕಲ್ಲುಗಳನ್ನು ನೋಡಿ ನನಗೆ ಬೇಸರವಾಯಿತು. “ಕಲ್ಲು ಯಾಕೆ? ಸಮುವೇಲಪ್ಪ ಕೂತ್ರೆ ಸಾಕು” ಎಂದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

ಹಿತ್ತಿಲಿನಲ್ಲಿ ಹಲಗೆಯ ಮೇಲೆ ಕೂರುವಾಗ ಅವರು ಹೇಳಿದ್ದು: “ಈ ಮೈ ಇಷ್ಟ್ ದಿನ ಶಾಂತಮ್ಮನ ಬೈಗುಳಕ್ಕೆ ಮಾತ್ರ ಉಪಯೋಗ ಆಗ್ತಿತ್ತು ಮೇಷ್ಟ್ರೇ. ಇವತ್ತು ಕರ್ತನ ಸೇವೆಗೂ ಬಂತು ನೋಡಿ.”

ಅವರ ಹೆಂಡತಿ ಶಾಂತಮ್ಮನವರು ಹೆಂಗಸರ ಕಡೆಯಿಂದ ಕೂಗಿದರು: “ಹಲಗೆ ಜೋಪಾನ ಮೇಷ್ಟ್ರೇ! ನಮ್ಮನೇಲಿ ಆಗ್ಲೇ ಎರಡು ಬೆಂಚು ಸ್ವರ್ಗ ಸೇರಿವೆ!”

ನಗು ನಿಂತ ಮೇಲೆ ಸಮುವೇಲಪ್ಪ ನನ್ನ ಕಡೆ ಬಾಗಿ, ಮೆಲ್ಲಗೆ, ಸ್ವಲ್ಪ ನಾಚಿಕೊಂಡೇ ಕೇಳಿದರು: “ನಾನು ಏನಾದ್ರೂ ನೋಡ್ಕೋಬೇಕಾ ಮೇಷ್ಟ್ರೇ?”

“ಏನೂ ಇಲ್ಲ. ನೀನು ಸುಮ್ನೆ ಕೂತಿರು, ಸಾಕು” ಎಂದೆ.

ಅವರು ಕೇಳಿದ್ದರು. ಕೇಳದೆ ಇದ್ದಿದ್ದರೆ ಮರೆತೆ ಎಂದಾದರೂ ಹೇಳಿಕೊಳ್ಳಬಹುದಿತ್ತು — ಕೇಳಿದ್ದರು. ಹೇಳಲು ಒಂದು ಉಸಿರು ಸಾಕಾಗಿತ್ತು: ನಾನು ಹೇಳುವ ತನಕ ಏಳಬೇಡಿ, ಎದ್ದರೆ ಬೆಂಕಿ. ದರ್ಜಿಯವನಿಗೆ ಇದೆಲ್ಲ ಏನು ತಿಳಿದೀತು ಎಂದುಕೊಂಡೆನೋ, ನನ್ನ ವಿದ್ಯೆಯನ್ನು ಹಂಚಲು ಮನಸ್ಸಿರಲಿಲ್ಲವೋ, ಚಿತ್ರದ ಗಾಜುಗಳನ್ನು ಜೋಡಿಸುವ ಆತುರವೋ…

ಪ್ರಾರ್ಥನೆ ಯಾವಾಗಲೂ ಕಡೆಯಲ್ಲಿ, ದೀಪ ಆರಿಸಿದ ಮೇಲೆ. ಆ ಸಂಜೆ ಹಾಗಾಗಲಿಲ್ಲ. ಶಿಲುಬೆಯ ಚಿತ್ರ ಪರದೆಯ ಮೇಲೆ ಮೂಡಿದಾಗ ಅಬ್ರಹಾಮಯ್ಯನವರು ಕತೆಯನ್ನು ಅರ್ಧಕ್ಕೇ ಬಿಟ್ಟು ಪರದೆಯ ಕಡೆ ತಿರುಗಿದರು. ಆಮೇಲೆ, “ನಾವೆಲ್ಲ ಇಲ್ಲೇ ಮೊಣಕಾಲೂರೋಣ” ಎಂದರು.

ನಮ್ಮ ಸಭೆಯ ರೂಢಿ ನಿಮಗೆ ಗೊತ್ತು. ಪ್ರಾರ್ಥನೆ ಎಂದಮೇಲೆ ಯಾರೂ ಕೂತಿರುವುದಿಲ್ಲ. ಜ್ವರದವರು, ಬಸುರಿಯರು ಕೂಡ ಮಂಡಿಯೂರುತ್ತಾರೆ. ಕೂತ ಬೆಂಚಿನ ಕಡೆಗೇ ತಿರುಗಿ, ಅದರ ಮೇಲೆ ಮೊಣಕೈ ಊರಿ, ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತೇವೆ. ಸಮುವೇಲಪ್ಪನವರು ಹಾಗೆಯೇ ಮಾಡಿದರು. ಎದ್ದರು. ಹಲಗೆಯ ಕಡೆಗೆ ತಿರುಗಿದರು. ಮಂಡಿಯೂರಿದರು. ಈಥರ್ ಡಬ್ಬಿ ಅವರ ಮುಖದಿಂದ ಒಂದು ಗೇಣು ದೂರದಲ್ಲಿತ್ತು.

ನಾನು ನೋಡುತ್ತಿದ್ದೆ. ಇದನ್ನು ಮುಚ್ಚಿಡಲಾರೆ — ಅವರು ಏಳುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ತಿರುಪು ನನ್ನ ಕೈಗೆ ಎಟಕುವಷ್ಟು ಹತ್ತಿರದಲ್ಲೇ ಇತ್ತು. ಆ ಕ್ಷಣ ನನ್ನ ಮನಸ್ಸಿನಲ್ಲಿ ಇದ್ದದ್ದು ಎಚ್ಚರವಲ್ಲ, ತಾತ್ಸಾರ: ನೋಡು, ಇವನಿಗೆ ಮಂಡಿಯೂರದಿದ್ದರೆ ಆಗುವುದೇ ಇಲ್ಲ, ಎಂದು. ಆ ಯೋಚನೆ ಮುಗಿಯುವ ಮುನ್ನ ಕೊಳವೆಯಲ್ಲಿ ಸಣ್ಣಗೆ ಸುಂಯ್ ಎಂದಿತು.

ಬೆಳಕು ಮೊದಲು ಬಂತು. ಶಬ್ದ ಆಮೇಲೆ. ಈಥರ್ ಡಬ್ಬಿ ಸಿಡಿದಿತ್ತು. ಪರದೆ ಹರಿದು ಬಿತ್ತು, ಹೆಂಗಸರು ಚೀರಿದರು, ನನ್ನ ಹುಬ್ಬು ಸುಟ್ಟಿತು. ಸಮುವೇಲಪ್ಪನವರು ಚೀರಲಿಲ್ಲ. ಮುಖ ಮುಚ್ಚಲು ಎತ್ತಿದ ಅಂಗೈ ಇನ್ನೂ ಮುಖ ಮುಟ್ಟಿರಲಿಲ್ಲ, ಹಾಗೆಯೇ ಹಿಂದಕ್ಕೆ ಬಿದ್ದರು.

ಈಗಲೂ, ಪಕ್ಕದಲ್ಲಿ ಯಾರಾದರೂ ಕುರ್ಚಿಯಿಂದ ತಟಕ್ಕನೆ ಎದ್ದರೆ ನನ್ನ ಬಲಗೈ ತಾನಾಗಿಯೇ ಮುಂದಕ್ಕೆ ಚಾಚುತ್ತದೆ, ಅಲ್ಲಿಲ್ಲದ ತಿರುಪನ್ನು ಮುಚ್ಚಲು. ಶಾಲೆಯ ಹುಡುಗರು ಅದನ್ನು ಅನುಕರಿಸಿ ನಗುತ್ತಾರೆ. ಆ ಸಂಜೆ ಮಾತ್ರ ಆ ಕೈ ಅಲುಗಲಿಲ್ಲ.

ಎಷ್ಟೋ ವರ್ಷ ನನ್ನನ್ನು ಕೊರೆದ ಪ್ರಶ್ನೆ ಇದು: ಅವರು ಏಳುತ್ತಾರೆ ಎಂಬುದು ನನಗೆ ಮೊದಲೇ ಏಕೆ ಹೊಳೆಯಲಿಲ್ಲ? ಹುಟ್ಟಿದಾಗಿನಿಂದ ಆ ಸಭೆಯಲ್ಲಿ ಬೆಳೆದವನು ನಾನು. ಪ್ರಾರ್ಥನೆಯ ಮಾತು ಕಿವಿಗೆ ಬಿದ್ದರೆ ಸಮುವೇಲಪ್ಪ ಅರ್ಧ ಹೊಲಿದ ಬಟ್ಟೆ ಬಿಟ್ಟು ಮಂಡಿಯೂರುವುದನ್ನು ಕಂಡವನು. ಉತ್ತರ ತಿಳಿದಾಗ ನಾಚಿಕೆಯಾಯಿತು. ಕಾಲೇಜಿನಿಂದ ಬಂದ ಮೇಲೆ ನಾನೇ ಮಂಡಿಯೂರುವುದನ್ನು ಬಿಟ್ಟಿದ್ದೆ. ದೀಪ ನೋಡಿಕೊಳ್ಳಬೇಕು ಎಂಬ ನೆಪದಲ್ಲಿ ನಿಂತೇ ತಲೆ ತಗ್ಗಿಸುತ್ತಿದ್ದೆ, ಅದೂ ಯಾರಾದರೂ ನೋಡುತ್ತಿದ್ದರೆ. ದೇವರ ಮುಂದೆ ಮನುಷ್ಯ ಕೂತಲ್ಲಿಂದ ಏಳಬೇಕಾಗುತ್ತದೆ ಎಂಬುದೇ ನನ್ನ ಲೆಕ್ಕಾಚಾರದಿಂದ ಬಿಟ್ಟುಹೋಗಿತ್ತು. ದಿನವೂ ಮಂಡಿಯೂರುವವನೊಬ್ಬ ಆ ದೀಪದ ಹಿಂದೆ ನಿಂತಿದ್ದರೆ ಅಪಾಯ ಅವನಿಗೆ ಕಂಡೇ ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಅಬ್ರಹಾಮಯ್ಯನವರು ನಮಗೆ ಕಲಿಸಿದ್ದರು, ದೇವರ ಭಯವಿಲ್ಲದ ಕಡೆ ತಿಳಿವು ನೆಲೆ ನಿಲ್ಲದು ಎಂದು. ಓದಲು ಬಾರದವರಿಗೆ ಹೇಳುವ ಸಮಾಧಾನದ ಮಾತು ಅದು ಎಂದುಕೊಂಡಿದ್ದೆ.

ಇಷ್ಟೇ ಆಗಿದ್ದರೆ ಇದು ಅಜಾಗ್ರತೆ. ಪಾಪ ಆಮೇಲಿನದು.

ಆಸ್ಪತ್ರೆಯಲ್ಲಿ ಸಮುವೇಲಪ್ಪನವರ ಮುಖಕ್ಕೆಲ್ಲ ಬಟ್ಟೆ ಸುತ್ತಿದ್ದರು. ಒಂದು ಕಣ್ಣು ಹೋಗಿತ್ತು. ಇನ್ನೊಂದರಲ್ಲಿ ಬೆಳಕಿನ ಛಾಯೆ ಮಾತ್ರ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ನನ್ನ ಹೆಜ್ಜೆಯ ಸದ್ದು ಗುರುತಿಸಿ ಕೈ ಚಾಚಿದರು. “ಮೇಷ್ಟ್ರೇ, ನೀವು ಓದಿದವ್ರು. ಹೇಳಿ. ನಾನೇನ್ ಮಾಡ್ದೆ? ಮಂಡಿ ಊರಿದ್ದು ಅಷ್ಟೇ ಅಲ್ವಾ?”

ಅವರಿಗೆ ಬೇಕಾಗಿದ್ದ ಉತ್ತರ ಇಡೀ ಬೆಂಗಳೂರಿನಲ್ಲಿ ನನ್ನೊಬ್ಬನ ಬಳಿ ಇತ್ತು. ನಾನು ಅವರ ಕೈ ಹಿಡಿದು ಹೇಳಿದೆ: “ದೇವರ ಚಿತ್ತ, ಸಮುವೇಲಪ್ಪ.”

ಆ ದಿನಗಳಲ್ಲಿ ನಾನು ದೇವರನ್ನು ಅಷ್ಟಾಗಿ ನಂಬುತ್ತಿರಲಿಲ್ಲ. ಆದರೆ ನನ್ನ ಹೊರೆಯನ್ನು ಇಳಿಸಲು ಹೆಗಲೊಂದು ಬೇಕಾಗಿತ್ತು, ಅವನ ಹೆಗಲು ಹತ್ತಿರದಲ್ಲಿತ್ತು. ಎದುರು ಮಾತಾಡದವನ ಮೇಲೆ ಹಾಕಿಬಿಟ್ಟೆ. ಅಬ್ರಹಾಮಯ್ಯನವರು ಕೇಳಿದಾಗ, “ಯಂತ್ರ ಅಂದ್ಮೇಲೆ ಹೀಗೆಲ್ಲ ಆಗುತ್ತೆ, ಅಯ್ಯನವ್ರೇ” ಎಂದೆ. ಅವರು ನಂಬಿದರು. ಆ ಲಾಂಟರ್ನನ್ನು ಮತ್ತೆ ಯಾರೂ ಹಚ್ಚಲಿಲ್ಲ.

ಸಮುವೇಲಪ್ಪನವರು ನನ್ನ ಮಾತನ್ನು ಅಕ್ಷರಶಃ ತೆಗೆದುಕೊಂಡರು. ದೇವರ ಚಿತ್ತ ಎಂದರೆ — ಅವರು ಮಂಡಿಯೂರಿದ ಕ್ಷಣವನ್ನೇ ನೋಡಿ ದೇವರು ಹೊಡೆದ. ಮನೆಗೆ ಬಂದ ಮೇಲೆ ಸಭೆಗೆ ಬರತೊಡಗಿದರು, ಶಾಂತಮ್ಮನವರ ತೋಳು ಹಿಡಿದುಕೊಂಡು. ಕೀರ್ತನೆ ಎತ್ತಲಿಲ್ಲ. ಎಲ್ಲರೂ ಮಂಡಿಯೂರಿದಾಗ ಅವರೊಬ್ಬರೇ ಬೆಂಚಿನ ಮೇಲೆ ನೆಟ್ಟಗೆ ಕೂತಿರುತ್ತಿದ್ದರು, ಎರಡು ಕೈಯಲ್ಲೂ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದು. ಅವರ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿದ್ದುದು ಹಿಂದಿನ ಸಾಲಿನಿಂದ ಕದ್ದು ನೋಡುತ್ತಿದ್ದ ನನಗೆ ಕಾಣುತ್ತಿತ್ತು.

ಆಗ ಪಿಸುಮಾತು ಹುಟ್ಟಿತು. ಪ್ರಾರ್ಥನೆಯ ಹೊತ್ತಿನಲ್ಲೇ ಬೆಂಕಿ ಬಿತ್ತು ಎಂದರೆ ಒಳಗೆ ಏನೋ ಇರಬೇಕು, ಗುಪ್ತ ಪಾಪ, ಈಗ ಮಂಡಿಯೂರಲೂ ಮುಖವಿಲ್ಲ, ನೋಡಿ. ನಿಮ್ಮಲ್ಲಿ ಕೆಲವರು ಹಾಗೆ ಆಡಿಕೊಂಡಿರಿ. ನಿಮ್ಮನ್ನು ನಾನು ದೂರಲಾರೆ. ನಿಜ ಗೊತ್ತಿದ್ದವನು ನಿಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಹೆಂಗಸರು ಶಾಂತಮ್ಮನವರ ಪಕ್ಕದಲ್ಲಿ ಕೂರುವುದನ್ನು ಬಿಟ್ಟರು. ಕ್ರಮೇಣ ಆ ಗಂಡಹೆಂಡಿರು ಬಾಗಿಲ ಬಳಿಯ ಕಡೆಯ ಬೆಂಚಿಗೆ ಸರಿದರು.

ನಾನೋ — ಮೇಲೇರಿದೆ. ಆ ಸಂಜೆಯ ನಂತರ ನನ್ನಲ್ಲಿ ಏನೋ ಒಡೆದಿತ್ತು; ಗುಟ್ಟಾಗಿ ಮಂಡಿಯೂರತೊಡಗಿದ್ದೆ, ಕ್ಷಮೆ ಕೇಳುತ್ತಿದ್ದೆ, ಕೇಳಬೇಕಾದವರನ್ನು ಬಿಟ್ಟು. ಜನ ನನ್ನ ಮುಖದ ಗಾಂಭೀರ್ಯವನ್ನು ಭಕ್ತಿ ಎಂದುಕೊಂಡರು. ಭಾನುವಾರದ ದೊಡ್ಡವರ ತರಗತಿಯನ್ನು ನನಗೆ ಒಪ್ಪಿಸಿದರು. ಒಮ್ಮೆ ನಾನು ಎತ್ತಿಕೊಂಡ ವಿಷಯ ದೇವರ ಭಯ. ಚೆನ್ನಾಗಿ ಮಾತಾಡಿದೆ — ಈಗಲೂ ಅದನ್ನು ನೆನೆಸಿಕೊಳ್ಳುವವರಿದ್ದೀರಿ. ಭಯವೆಂದರೆ ಹೆದರಿಕೆಯಲ್ಲ, ನನಗಿಂತ ದೊಡ್ಡವನೊಬ್ಬನಿದ್ದಾನೆ ಎಂಬ ಎಚ್ಚರ, ಅವನ ಮುಂದೆ ಸುಳ್ಳಾಡಲಾರೆ ಎಂಬ ಗೌರವ, ಎಲ್ಲ ತಿಳಿವೂ ಅಲ್ಲಿಂದಲೇ ಮೊಳೆಯುತ್ತದೆ. ಹೀಗೆಲ್ಲ. ಅವನ ಮುಂದೆ ಸುಳ್ಳಾಡಲಾರೆ ಎಂಬ ಮಾತನ್ನು ಬಾಯಲ್ಲಿ ಆಡುವಾಗ ನಾಲಿಗೆ ತೊದಲಲಿಲ್ಲ.

ತರಗತಿ ಮುಗಿದ ಮೇಲೆ ಕಡೆಯ ಬೆಂಚಿನಿಂದ ಸಮುವೇಲಪ್ಪನವರ ದನಿ ಬಂತು. “ಮೇಷ್ಟ್ರೇ, ಹೆದರಿಕೆ ಅಲ್ಲ ಅಂದ್ರಲ್ಲ. ಸರಿ. ನನಗೆ ಹೆದರಿಕೆನೇ ಆಗುತ್ತಲ್ಲ — ಅದನ್ನೇನ್ ಮಾಡ್ಲಿ?”

ಯಾರೋ ನಕ್ಕರು. ನಾನು ಭಯದಲ್ಲಿ ಎರಡು ಬಗೆ ಎಂದು ವಿವರಿಸಲು ಶುರುಮಾಡಿದೆ. ದಾಸನ ಭಯ, ಮಗನ ಭಯ… ಅವರು ತಲೆಯಾಡಿಸುತ್ತ ಕೇಳಿದರು. ಆಮೇಲೆ ಸಭೆಗೆ ಬರುವುದನ್ನೇ ನಿಲ್ಲಿಸಿದರು. ನನಗೆ ಇರಬೇಕಾಗಿದ್ದ ಭಯ ನನಗಿರಲಿಲ್ಲ. ಅವರಿಗೆ ಇರಬಾರದ ಭಯವನ್ನು ನಾನೇ ಕೊಟ್ಟಿದ್ದೆ. ಅದನ್ನು ತೆಗೆಯುವ ಮಾತೂ ನನ್ನ ಬಾಯಲ್ಲೇ ಇತ್ತು.

ಮೊನ್ನೆ ಊರಿಗೆಲ್ಲ ಆ ಜ್ವರ ಬಂತಲ್ಲ, ಆಗ ಅವರೂ ಮಲಗಿದರು. ಅಬ್ರಹಾಮಯ್ಯನವರು ಆ ವೇಳೆಗೆ ತೀರಿಕೊಂಡಿದ್ದರು. ಸಭೆಯ ಹಿರಿಯರೊಬ್ಬರು ಪ್ರಾರ್ಥಿಸಲು ಹೋದರೆ ಗೋಡೆಯ ಕಡೆ ತಿರುಗಿಕೊಂಡರಂತೆ. ಅದನ್ನು ಕೇಳಿ ನಾನು ಹೋದೆ. ಮಧ್ಯಾಹ್ನ. ಶಾಂತಮ್ಮನವರು ಔಷಧಿ ತರಲು ಹೊರಟಿದ್ದರು. ಹೊಲಿಗೆ ಮಿಷನ್ನಿನ ಮೇಲೆ ಹಳೆಯ ಕಂಬಳಿ ಹೊದಿಸಿತ್ತು. ಸಮುವೇಲಪ್ಪನವರು ಇಳಿದುಹೋಗಿದ್ದರು — ಆ ದೊಡ್ಡ ಮೈ ಎಲ್ಲಿ ಹೋಯಿತೋ.

ಹೇಳಿದೆ. ನೆಲದ ಮೇಲೆ ಕೂತು, ಕಲ್ಲಿನಿಂದ ಹಿಡಿದು, ತಿರುಪಿನವರೆಗೆ ಹೇಳಿದೆ. ಅವರು ಅಲುಗಾಡದೆ ಕೇಳಿದರು.

“ಅವತ್ತು ನಾನು ಕೇಳಿದ್ದೆ ಅಲ್ವಾ, ಏನಾದ್ರೂ ನೋಡ್ಕೋಬೇಕಾ ಅಂತ?”

“ಕೇಳಿದ್ರಿ.”

“ನೀವು ಏನೂ ಇಲ್ಲ ಅಂದ್ರಿ.”

“ಅಂದೆ.”

ಬೀದಿಯಲ್ಲಿ ಯಾರೋ ಹೂವು ಕೂಗಿಕೊಂಡು ಹೋದರು.

“ಹಾಗಾದ್ರೆ ಅವನಲ್ಲ.”

“ಅವನಲ್ಲ, ಸಮುವೇಲಪ್ಪನವರೇ.”

“ಇಷ್ಟು ವರ್ಷ ನಾನು ಅವನ ಹತ್ರ ಮಾತೇ ಆಡ್ಲಿಲ್ವಲ್ಲ ಮೇಷ್ಟ್ರೇ…”

ಕೆಳಗೆ ಇಳಿಸಿ ಎಂದರು. ಮಂಡಿಯೂರಬೇಕಂತೆ. ತೋಳಿನ ಕೆಳಗೆ ಕೈ ಹಾಕಿ ಎತ್ತಲು ನೋಡಿದೆ. ಕೆಮ್ಮು ಬಂದು ಉಸಿರು ಸಿಕ್ಕದೆ ಒದ್ದಾಡಿದರು. ಮತ್ತೆ ಮಲಗಿಸಿದೆ. ಮಲಗಿದಲ್ಲೇ ಕೈ ಜೋಡಿಸಿದರು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. “ಏನ್ ಹೇಳ್ಬೇಕು ಅನ್ನೋದೇ ಮರ್ತೋಗಿದೆ” ಎಂದರು. ಒಂದು ಕಾಲಕ್ಕೆ ಇಡೀ ಸಭೆಯ ಬಾಯಿಗೆ ಹಾಡು ಕೊಟ್ಟವರು.

ನಾನು ಏಳುವ ಮುನ್ನ ಹೇಳಿದರು: “ಸಭೆಗೆ ಹೇಳ್ಬಿಡಿ. ನನಗೋಸ್ಕರ ಅಲ್ಲ, ಶಾಂತಮ್ಮನಿಗೋಸ್ಕರ. ಅವಳ ಪಕ್ಕ ಯಾರೂ ಕೂರಲ್ಲ.”

“ಬರೋ ಭಾನುವಾರ ಹೇಳ್ತೀನಿ” ಎಂದೆ.

ಆ ಭಾನುವಾರ ಎದ್ದು ನಿಂತೆ. ಎಲ್ಲರೂ ನನ್ನ ಕಡೆ ನೋಡಿದಿರಿ. ಶಾಲೆಗೆ ಜ್ವರದ ರಜೆ ಮುಂದುವರಿದಿದೆ ಎಂಬ ಸುದ್ದಿ ಹೇಳಿ ಕೂತುಬಿಟ್ಟೆ. ಅದೇ ವಾರ ಅವರು ಹೋದರು.

ಸಮಾಧಿಯ ಬಳಿ ಪ್ರಾರ್ಥನೆ ಮಾಡಿದ ಹಿರಿಯರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ನಿಜವಾದ ಕರುಣೆಯಿಂದಲೇ ಹೇಳಿದರು — ಈ ನಿನ್ನ ದಾಸನ ಗುಪ್ತ ಪಾಪಗಳನ್ನು ಕ್ಷಮಿಸು, ಎಂದು. ಎಲ್ಲರೂ ಆಮೆನ್ ಎಂದೆವು. ಎಂದೆವು ಎಂದು ಬರೆದಿದ್ದೇನೆ. ಹೌದು. ನಾನೂ ಅಂದೆ.

ಭಾನುವಾರದ ತರಗತಿಯನ್ನು ಬಿಟ್ಟಿದ್ದೇನೆ, ಹಿರಿಯರಿಗೆ ತಿಳಿಸಿಯಾಗಿದೆ. ಈ ಬರಹವನ್ನು ಪತ್ರಿಕೆಗೆ ಕೊಡುವ ಮುನ್ನ ಶಾಂತಮ್ಮನವರ ಮನೆಗೆ ಹೋಗಿ ಓದಿ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಓದುವಷ್ಟು ಹೊತ್ತೂ ಕೈ ನಿಲ್ಲಲಿಲ್ಲ.

“ನೀವು ಬಂದು ಹೋದ ದಿನವೇ ಅವ್ರು ನನಗೆ ಎಲ್ಲಾ ಹೇಳಿದ್ರು” ಎಂದರು. “ಮಣ್ಣು ಮಾಡುವಾಗ ನೀವು ಆಮೆನ್ ಅಂದ್ರಲ್ಲ, ಆಗ ನಿಮ್ಮ ಮುಖಾನೇ ನೋಡ್ತಿದ್ದೆ.”

“ನೀವಾದ್ರೂ ಯಾರಿಗೂ ಯಾಕೆ ಹೇಳ್ಲಿಲ್ಲಮ್ಮ?”

“ನಾನು ಹೇಳಿದ್ರೆ, ಗಂಡನ ಪಾಪ ಮುಚ್ಚೋಕೆ ಮೇಷ್ಟ್ರ ಮೇಲೆ ಹಾಕ್ತಾಳೆ ಅಂತಿದ್ರು. ನಿಮ್ಮ ಬಾಯಿಂದಾನೇ ಬರ್ಬೇಕಿತ್ತು.” ಮೊರವನ್ನು ಪಕ್ಕಕ್ಕೆ ಇಟ್ಟರು. “ಅಚ್ಚು ಹಾಕ್ಸಿ. ಆದ್ರೆ ಒಂದ್ ಕಡೆ ಬರ್ದಿದೀರಲ್ಲ, ಅವ್ರು ಕೊನೇಲಿ ನಿಮ್ಮ ಕೈ ಹಿಡಿದು ಕ್ಷಮಿಸಿದೀನಿ ಅಂದ್ರು ಅಂತ — ಅದನ್ನ ತೆಗೀರಿ ಮೇಷ್ಟ್ರೇ. ಅವ್ರು ಹಾಗೆ ಅಂದಿಲ್ಲ.”

ಅಂದಿರಲಿಲ್ಲ. ಅವರ ಎದುರಿನಲ್ಲೇ ಆ ಸಾಲನ್ನು ಹೊಡೆದುಹಾಕಿದೆ.